ಕಾರಿನ ಏರಿಯಲ್‌ಗೆ ದೋಣಿಯ ಎಣ್ಣೆ

ಕಾರಿಗೆ ರೇಡಿಯೋ ಕೂರಿಸುವುದು ದೊಡ್ಡ ಕೆಲಸವೇನಲ್ಲ ಎಂದು ನಾನು ಹೇಳಿದೆ, ಮನೆಯವರು ನಂಬಿದರು. ಆದ್ದರಿಂದ ಮುಂದೆ ನಡೆದದ್ದರಲ್ಲಿ ಅವರ ಪಾಲೂ ಇದೆ. ನಾನು ರಿಪೇರಿ ಮಾಡಿದ ಮೇಲೆ ನಮ್ಮ ಗೋಡೆ ಗಡಿಯಾರ ಮಧ್ಯಾಹ್ನದ ಊಟದ ಹೊತ್ತಿಗೆ ನಾಲ್ಕು ಹೊಡೆಯುತ್ತಿತ್ತು. ನಾನು ಬಿಚ್ಚಿ ಜೋಡಿಸಿದ ಸೈಕಲ್ಲಿನಲ್ಲಿ ಬೆಲ್ ಒಂದೇ ಮೊದಲಿನ ಹಾಗೆ ಉಳಿದಿತ್ತು. ಇದನ್ನೆಲ್ಲ ಕಣ್ಣಾರೆ ಕಂಡವರೇ ನನ್ನನ್ನು ನಂಬಿದರೆ ನಾನೇನು ಮಾಡಲಿ? ನಂಬಿಸುವ ಕಲೆ ನನಗೆ ಹುಟ್ಟುವಾಗಲೇ ಬಂದಿತ್ತು. ಸ್ಕ್ರೂಡ್ರೈವರ್ ಹಿಡಿಯುವ ಕಲೆ ಹಿಂದಿನಿಂದ ಬಂದೀತು ಎಂದು ಕಾಯುತ್ತಿದ್ದೆ.

ಕಾರು ನನ್ನ ಸೋದರಮಾವನದು. ನಮ್ಮಲ್ಲಿ ಮನೆಯ ಯಜಮಾನಿಕೆ ತಾಯಿಯ ಅಣ್ಣನದೇ. ಕಾಪುವಿನ ನಮ್ಮ ಮನೆಯ ಚಾವಡಿಯಲ್ಲಿ ಮಾವ ಕೆಮ್ಮಿದರೆ ಬಾವಿಕಟ್ಟೆಯಲ್ಲಿ ನೀರು ಸೇದುವವರು ಹಗ್ಗ ಹಿಡಿದುಕೊಂಡು ನಿಂತುಬಿಡುತ್ತಿದ್ದರು. ಕಾರ್ಕಳದಲ್ಲಿ ಒಡೆದ ಕಲ್ಲನ್ನು ಮಣಿಪಾಲದ ಗುಡ್ಡದಲ್ಲಿ ಏಳುತ್ತಿದ್ದ ಕಟ್ಟಡಗಳಿಗೆ ಸಾಗಿಸುವ ಗುತ್ತಿಗೆ ಅವರದು. ವರ್ಷಾನುಗಟ್ಟಲೆ ಕರಿಕಲ್ಲಿನ ಜೊತೆ ವ್ಯವಹಾರ ಮಾಡಿ ಅವರ ಮುಖಕ್ಕೂ ಅದರ ಕಳೆ ಬಂದಿತ್ತು. ನಾನು ಬಿ.ಎಸ್ಸಿ.ಯನ್ನು ಒಂದಕ್ಕಿಂತ ಹೆಚ್ಚು ಸಲ ಓದಿ, ಅಂದರೆ ಅಷ್ಟು ಆಳವಾಗಿ ಓದಿ, ಮಾವನ ಲಾರಿಗಳ ಹಿಂದೆ ಓಡಾಡುವ ಕೆಲಸಕ್ಕೆ ಸೇರಿದ್ದೆ.

ರೇಡಿಯೋ ಬಂದದ್ದು ಬೊಂಬಾಯಿಯಿಂದ. ಅಲ್ಲಿ ಹೋಟೆಲು ನಡೆಸುತ್ತಿದ್ದ ನಮ್ಮ ನೆಂಟರೊಬ್ಬರು ತಮ್ಮ ಕಾರು ಮಾರುವ ಮೊದಲು ಅದರ ರೇಡಿಯೋ ಕಳಚಿ ಇಟ್ಟುಕೊಂಡಿದ್ದರು. ಊರಿಗೆ ಬಂದಾಗ ಅದನ್ನು ಒಣಹುಲ್ಲು ತುಂಬಿದ ಮರದ ಪೆಟ್ಟಿಗೆಯಲ್ಲಿ ತಂದು ಮಾವನಿಗೆ ಕೊಟ್ಟರು. ಅದನ್ನು ಹೇಗೆ ನಡೆಸಬೇಕೆಂದು ಹೇಳುವ ಪುಸ್ತಕ ಎಲ್ಲೋ ಕಳೆದುಹೋಗಿತ್ತು.

“ಪುಸ್ತಕ ಬೇಡ, ನಾನಿದ್ದೇನಲ್ಲ,” ಎಂದೆ.

ಮಾವ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ನಿನ್ನನ್ನು ಓದಿ ಅರ್ಥ ಮಾಡಿಕೊಳ್ಳುವವರು ಯಾರು ಮಾರಾಯ?” ಎಂದರು. ಆಮೇಲೆ, “ಎಂತ ಬೇಕಾದ್ರೂ ಮಾಡು. ನಾನು ಆ ಪೆಟ್ಟಿಗೆಗೆ ಕೈ ಹಾಕುವವನಲ್ಲ. ನನಗೆ ಸ್ಟೀರಿಂಗ್ ಒಂದು ಸಾಕು,” ಎಂದು ಸೇರಿಸಿದರು.

ಪೆಟ್ಟಿಗೆಯಲ್ಲಿ ನಾಲ್ಕು ತುಂಡುಗಳಿದ್ದವು. ಒಂದು, ಡಯಲ್ ಇರುವ ಮುಖ. ಎರಡು, ವಾಲ್ವುಗಳು ಕೂತ ಭಾರದ ಕಬ್ಬಿಣದ ಡಬ್ಬಿ. ಮೂರು, ಊಟದ ತಟ್ಟೆಯಷ್ಟು ಅಗಲದ ಸ್ಪೀಕರು. ನಾಲ್ಕನೆಯದು ಒಂದರೊಳಗೊಂದು ಜಾರಿ ಕೂರುವ ಮೂರು ಕೊಳವೆಗಳ, ಎಳೆದರೆ ಗಾಳದ ಕೋಲಿನಷ್ಟು ಉದ್ದವಾಗುವ, ಫಳಫಳ ಹೊಳೆಯುವ ಏರಿಯಲ್. ಅದನ್ನು ಕಾರಿನ ಎಡಗಡೆ, ಮುಂದಿನ ಗಾಜಿನ ಕಂಬದ ಬುಡದಲ್ಲಿ ಸಿಕ್ಕಿಸಿದೆ. ಅದಕ್ಕಾಗಿ ಮಾವನ ಕಾರಿನ ತಗಡಿಗೆ ತೂತು ಕೊರೆಯಬೇಕಾಯಿತು. ತೂತು ಒಂದೇ ಬೇಕಿತ್ತು. ಎರಡು ಕೊರೆದೆ. ಎರಡನೆಯದನ್ನು ಮುಚ್ಚಲು ಒಂದು ಪುಟ್ಟ ಹಿತ್ತಾಳೆಯ ಗುಬ್ಬಿಮೊಳೆ ಹಾಕಿ, ಅದು ಶೋಭೆಗೆ ಎಂದು ಹೇಳಿದೆ.

ಕಾರಿನ ರೇಡಿಯೋ ಕೆಲಸ ಮಾಡುವ ಬಗೆ ನಿಜಕ್ಕೂ ಚಂದ. ಬ್ಯಾಟರಿಯ ಹನ್ನೆರಡು ವೋಲ್ಟು ವಾಲ್ವುಗಳಿಗೆ ಅರೆಹೊಟ್ಟೆಗೂ ಸಾಲದು. ಅದಕ್ಕಾಗಿ ಒಳಗೆ ವೈಬ್ರೇಟರ್ ಎಂಬ ಪುಟ್ಟ ಡಬ್ಬಿಯಿದೆ. ಅದರ ನಾಲಗೆ ಕಣಜದ ಹುಳದ ರೆಕ್ಕೆಯ ಹಾಗೆ ಗುಂಯ್ ಎಂದು ಅದುರುತ್ತ, ಬ್ಯಾಟರಿಯ ಕರೆಂಟನ್ನು ಕತ್ತರಿಸಿ ಕತ್ತರಿಸಿ ಕೊಡುತ್ತದೆ. ಆ ತುಂಡು ಕರೆಂಟನ್ನು ಟ್ರಾನ್ಸ್‌ಫಾರ್ಮರು ನೂರಾರು ವೋಲ್ಟಿಗೆ ಏರಿಸಿ ವಾಲ್ವುಗಳಿಗೆ ಬಡಿಸುತ್ತದೆ. ವಾಲ್ವುಗಳು ಬಿಸಿಯಾಗಿ ಕೆಂಪಾಗುವವರೆಗೆ ಸ್ವರ ಹೊರಡುವುದಿಲ್ಲ. ಸ್ವಿಚ್ ಹಾಕಿ ಸುಮ್ಮನೆ ಕಾಯಬೇಕು. ಹೊಸಬರು ಈ ಹೊತ್ತಿನಲ್ಲಿ ರೇಡಿಯೋ ಹಾಳಾಗಿದೆ ಎಂದುಕೊಂಡು ಬಡಿಯುತ್ತಾರೆ. ನಾನೂ ಬಡಿದೆ.

ಇನ್ನೊಂದು ವಿಷಯವಿದೆ. ನಮ್ಮ ಕಾರಿನಲ್ಲಿ ಬ್ಯಾಟರಿಯ ಪ್ಲಸ್ ತಂತಿ ಕಾರಿನ ತಗಡಿಗೆ ಸೇರಿತ್ತು; ಬೊಂಬಾಯಿಯ ಕಾರಿನಲ್ಲಿ ಮೈನಸ್ ಸೇರಿತ್ತಂತೆ. ಅದಕ್ಕೆ ತಕ್ಕ ಹಾಗೆ ಡಬ್ಬಿಯ ಹಿಂದಿನ ಪ್ಲಗ್ಗನ್ನು ತಿರುಗಿಸಿ ಹಾಕಬೇಕು. ಇದು ನನಗೆ ಗೊತ್ತಿತ್ತು. ಫ್ಯೂಸು ಸುಟ್ಟ ಮೇಲೆ ಗೊತ್ತಿತ್ತು.

ಅಂತೂ ರೇಡಿಯೋ ಹಾಡಿತು. ಎಡಗಡೆಯ ಗುಬ್ಬಿಯನ್ನು, ಅಂದರೆ ಗುಂಡನೆಯ ತಿರುಗಣೆಯನ್ನು, ಬಲಕ್ಕೆ ತಿರುಗಿಸಿದರೆ ಟಕ್ ಎಂದು ಡಯಲ್‌ನ ದೀಪ ಹತ್ತುತ್ತದೆ. ಇನ್ನೂ ತಿರುಗಿಸಿದರೆ ಸ್ವರ ದೊಡ್ಡದಾಗುತ್ತದೆ. ಪೂರ್ತಿ ಎಡಕ್ಕೆ ತಂದರೆ ಮತ್ತೆ ಟಕ್, ಬಂದ್. ಬಲಗಡೆಯ ಗುಬ್ಬಿ ತಿರುಗಿಸಿದರೆ ಮುಳ್ಳು ಊರಿಂದೂರಿಗೆ ಹೋಗುತ್ತದೆ. ನಡುವೆ ಐದು ಒತ್ತುಗುಂಡಿಗಳು. ಬೇಕಾದ ಸ್ಟೇಷನ್ನಿಗೆ ಮುಳ್ಳು ತಂದು, ಒಂದು ಗುಂಡಿಯನ್ನು ಹೊರಕ್ಕೆ ಎಳೆದು ಗಟ್ಟಿಯಾಗಿ ಒಳಕ್ಕೆ ಒತ್ತಿಬಿಟ್ಟರೆ, ಮತ್ತೆ ಆ ಗುಂಡಿ ಒತ್ತಿದಾಗಲೆಲ್ಲ ಮುಳ್ಳು ಓಡಿ ಬಂದು ಅಲ್ಲೇ ನಿಲ್ಲುತ್ತದೆ. ಮೊದಲನೆಯ ಗುಂಡಿಗೆ ಬೆಂಗಳೂರನ್ನು ಕೂರಿಸಿದೆ. ನಮ್ಮ ಕಡೆಗೆ ಬೆಂಗಳೂರು ಬಹಳ ಸಣ್ಣ ಸ್ವರದಲ್ಲಿ, ಅದೂ ಹೊತ್ತು ಇಳಿದ ಮೇಲೆ ಸಿಗುವುದು. ಆದರೆ ಕಾರ್ಕಳದ ಬೋಳು ಬಂಡೆಯ ಬದಿಯಲ್ಲಿ ಕಾರು ನಿಲ್ಲಿಸಿ, ಏರಿಯಲ್ ಪೂರ್ತಿ ಎಳೆದು ಹಾಕಿದಾಗ ಸಂಜೆಯ ವಾರ್ತೆ ಓದುವವರು ನನ್ನ ತೊಡೆಯ ಮೇಲೆ ಕೂತು ಓದಿದ ಹಾಗೆ ಕೇಳಿತು. ಮಣಿಪಾಲದ ಗುಡ್ಡದ ಮೇಲೂ ಹಾಗೆಯೇ.

ಎಂಜಿನು ಶುರು ಮಾಡಿದರೆ ಮಾತ್ರ ಕತೆ ಬೇರೆ. ಪ್ಲಗ್ಗಿನ ಕಿಡಿಗಳೆಲ್ಲ ರೇಡಿಯೋದಲ್ಲಿ ಕೇಳುತ್ತಿದ್ದವು. ಕಾರು ನಿಧಾನ ಹೋದರೆ ಗಾಯಕಿ ಹಪ್ಪಳ ಕರಿಯುತ್ತ ಹಾಡುತ್ತಿದ್ದಳು. ಜೋರಾಗಿ ಹೋದರೆ ಹಪ್ಪಳವೇ ಹಾಡುತ್ತಿತ್ತು. ಕಟಪಾಡಿಯ ಪೇಟೆಯಲ್ಲಿ ಮಾವ ಗೇರು ಬದಲಿಸಿದಾಗ ಎಂಥ ಶಬ್ದ ಹೊರಟಿತೆಂದರೆ, ಎದುರಿನ ಬಸ್ಸಿನ ಕ್ಲೀನರು ಇಳಿದು ನಮ್ಮ ಟೈರುಗಳನ್ನು ನೋಡಿಹೋದ. ಉಡುಪಿಯ ಅಂಗಡಿಯಿಂದ ಸಪ್ರೆಸರ್ ಎಂಬ ಬೆರಳುದ್ದದ ಕಪ್ಪು ಕಡ್ಡಿಗಳನ್ನು ತಂದು ಪ್ಲಗ್ಗುಗಳಿಗೆ ಸಿಕ್ಕಿಸಿ, ಡೈನಮೋಗೆ ಒಂದು ಕಂಡೆನ್ಸರ್ ಕಟ್ಟಿದ ಮೇಲೆ ಹಪ್ಪಳ ನಿಂತಿತು. ಅಂದರೆ ಮುಕ್ಕಾಲು ನಿಂತಿತು. ಅಂದಿನಿಂದ ನಾನು ಕಾಪುವಿನಿಂದ ಕಾರ್ಕಳದವರೆಗಿನ ಏಕೈಕ ಕಾರು ರೇಡಿಯೋ ತಜ್ಞ. ಬಿರುದು ಕೊಟ್ಟವನೂ ನಾನೇ.

ಅಷ್ಟರಲ್ಲಿ ಬೆಂಗಳೂರಿನಿಂದ ಬಂದವರೊಬ್ಬರು ಸುದ್ದಿ ತಂದರು: ಚಿಕ್ಕಮ್ಮ ರೇಡಿಯೋದಲ್ಲಿ ಹಾಡುತ್ತಾರೆ. ಬರುವ ಶನಿವಾರ, ಸಂಜೆ ಆರೂವರೆಗೆ, ಹದಿನೈದು ನಿಮಿಷ, ದೇವರನಾಮ.

ಚಿಕ್ಕಮ್ಮ ಎಂದರೆ ಮಾವನ ಕಿರಿಯ ತಂಗಿ, ಅಜ್ಜಿಯ ಕಡೆಯ ಮಗಳು. ಅವರು ಹಾಡುವ ದೇವರನಾಮಗಳೆಲ್ಲ ಅಜ್ಜಿಯ ಬಾಯಿಂದ ಕಲಿತವು. ಸಂಗೀತ ಕಲಿಯಲು ಬೆಂಗಳೂರಿಗೆ ಹೋಗುತ್ತೇನೆ ಎಂದಾಗ ಮಾವ, “ಹಾಡಿ ಯಾರ ಹೊಟ್ಟೆ ತುಂಬಿದ್ದುಂಟು?” ಎಂದು ಕೇಳಿದ್ದರಂತೆ. ಅಜ್ಜಿ ಮಗಳ ಬಟ್ಟೆಬರೆ ಕಟ್ಟಿ ಬಸ್ಸು ಹತ್ತಿಸಿದರು. ಈಗ ಚಿಕ್ಕಮ್ಮ ಅಲ್ಲಿ ಶಾಲೆಯೊಂದರಲ್ಲಿ ಸಂಗೀತ ಕಲಿಸುತ್ತಿದ್ದರು. ರಜೆಯಲ್ಲಿ ಊರಿಗೆ ಬಂದರೆ ಅಣ್ಣ ತಂಗಿ ಮಾತಾಡುತ್ತಿದ್ದರು, ಊಟ ಮಾಡುತ್ತಿದ್ದರು. ಆದರೆ ಮಾವ ಮನೆಯಲ್ಲಿದ್ದಾಗ ಚಿಕ್ಕಮ್ಮ ಹಾಡುತ್ತಿರಲಿಲ್ಲ. ಹಾಡು ಎಂದು ಮಾವನೂ ಹೇಳುತ್ತಿರಲಿಲ್ಲ. ಬಚ್ಚಲಿನಲ್ಲಿ ಗುನುಗುತ್ತಿದ್ದವರು ಅಂಗಳದಲ್ಲಿ ಕಾರಿನ ಸದ್ದು ಕೇಳಿದರೆ ನಿಲ್ಲಿಸಿಬಿಡುತ್ತಿದ್ದರು.

ಸುದ್ದಿ ಕೇಳಿ ಪಕ್ಕದ ಅಂಗಡಿಯವರು, “ನಮ್ಮ ರೇಡಿಯೋ ಉಂಟಲ್ಲ ಅಮ್ಮ, ಶನಿವಾರ ಇಲ್ಲಿಗೇ ಬನ್ನಿ,” ಎಂದು ಕರೆದರು. ಅಜ್ಜಿ ಒಪ್ಪಲಿಲ್ಲ. ರಾತ್ರಿ ಊಟಕ್ಕೆ ಬಡಿಸುವಾಗ ಮಾವನಿಗೆ ಹೇಳಿದರು:

“ನೀನೂ ಕೇಳಬೇಕು.”

“ಅಂಗಡಿಯ ಬೆಂಚಿನ ಮೇಲೆ ಕೂತಾ?” ಎಂದರು ಮಾವ.

“ಅಂಗಡಿ ಬೇಡ. ನಿನ್ನ ಕಾರಿನಲ್ಲಿ ಉಂಟಲ್ಲ? ನಿನ್ನ ಕಾರಿನಲ್ಲಿ, ನೀನು ನನ್ನ ಪಕ್ಕದಲ್ಲಿ ಕೂತು ಕೇಳಬೇಕು. ಅಷ್ಟೇ.”

ಮಾವ ಅನ್ನ ಕಲಸುತ್ತಲೇ, “ಅದು ಸರಿ ಕೇಳಿದರೆ ನೋಡುವ,” ಎಂದರು. ಅಜ್ಜಿ ನನ್ನ ಕಡೆ ತಿರುಗಿದರು. “ಕೇಳುತ್ತದಾ ಪುಳ್ಳಿ?” ಮೊಮ್ಮಗನಾದ ನನ್ನನ್ನು ಅವರು ಹೆಸರಿನಿಂದ ಕರೆದದ್ದೇ ಇಲ್ಲ.

ಬುದ್ಧಿಯಿದ್ದವನಾದರೆ ‘ನೋಡುವ’ ಎನ್ನುತ್ತಿದ್ದ. ನಾನು, “ಅಜ್ಜಿ, ಮಣಿಪಾಲದ ಗುಡ್ಡಕ್ಕೆ ಹೋಗಿ ನಿಂತರೆ ಚಿಕ್ಕಮ್ಮ ಉಸಿರೆಳೆದದ್ದೂ ಕೇಳಿಸದಿದ್ದರೆ ನನ್ನ ಕಿವಿ ಕೊಯ್ಯಿರಿ,” ಎಂದೆ.

“ನಿನ್ನ ಕಿವಿ ಎಂತಕ್ಕೆ ನನಗೆ?” ಎಂದರು ಅಜ್ಜಿ. “ಒಂದು ಸಲ ಹಾಡಿದ್ದನ್ನು ಅವರು ಮತ್ತೊಮ್ಮೆ ಹಾಕ್ಲಿಕ್ಕಿಲ್ಲ. ನೆನಪಿಟ್ಟುಕೊ.”

ಆ ಕ್ಷಣದಿಂದ ನಾನು ಬಹಳ ಜವಾಬ್ದಾರಿಯ ಮನುಷ್ಯನಾದೆ. ಅನಾಹುತ ಶುರುವಾದದ್ದೂ ಅಲ್ಲಿಂದಲೇ.

ಜವಾಬ್ದಾರಿಯಿಂದ ಮರುದಿನ ಬೆಳಿಗ್ಗೆ ಏರಿಯಲ್ಲನ್ನು ಎಳೆದು ನೋಡಿದೆ. ಕಾಪುವಿನಲ್ಲಿ ಸಮುದ್ರದ ಉಪ್ಪುಗಾಳಿ ಯಾವ ಲೋಹವನ್ನೂ ಬಿಡುವುದಿಲ್ಲ. ಬಾಗಿಲ ಚಿಲಕ ವರ್ಷದಲ್ಲಿ ಬಿಸ್ಕೂಟಿನಂತಾಗುತ್ತದೆ. ಏರಿಯಲ್ಲಿನ ಹೊಳಪಿನ ಮೇಲೂ ಅಲ್ಲಲ್ಲಿ ಬಿಳಿ ಪುಡಿ, ಸಣ್ಣ ಸಣ್ಣ ಕಂದು ಚುಕ್ಕಿಗಳು ಬಂದಿದ್ದವು. ಶನಿವಾರದೊಳಗೆ ಇದು ತುಕ್ಕು ಹಿಡಿದು ಬಿದ್ದೇಹೋದರೆ? ಹೀಗೆ ಯೋಚಿಸುತ್ತ ಕಡಲತೀರಕ್ಕೆ ಹೋದಾಗ, ಒಬ್ಬರು ಮೀನುಗಾರರು ದೋಣಿಯನ್ನು ಮಗುಚಿ ಹಾಕಿ ಗೇರೆಣ್ಣೆ ಬಳಿಯುತ್ತಿದ್ದರು. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಕಪ್ಪು ಎಣ್ಣೆ ಅದು. ಬಿಸಿಲಿಗೆ ಒಣಗಿದರೆ ಮರದ ಮೇಲೆ ಗಟ್ಟಿ ಚರ್ಮದ ಹಾಗೆ ಕೂತುಬಿಡುತ್ತದೆ. ವರ್ಷಪೂರ್ತಿ ಉಪ್ಪುನೀರಿನಲ್ಲಿ ಬಿದ್ದರೂ ದೋಣಿಗೆ ಏನೂ ಆಗುವುದಿಲ್ಲ. ನನಗೆ ಪರಿಹಾರ ಹೊಳೆದುಬಿಟ್ಟಿತು.

“ಒಂದು ಗೆರಟೆಯಷ್ಟು ಎಣ್ಣೆ ಕೊಡ್ತೀರಾ?” ಎಂದೆ.

“ಎಂತದಕ್ಕೆ?”

“ಕಾರಿಗೆ.”

ಅವರು ಬ್ರಷ್ಷು ಎತ್ತಿ ಹಿಡಿದು ನನ್ನನ್ನು ನೋಡಿದರು. “ಕಾರನ್ನು ಸಮುದ್ರಕ್ಕೆ ಇಳಿಸ್ಲಿಕ್ಕುಂಟಾ?”

“ಇಲ್ಲ, ಮಣಿಪಾಲಕ್ಕೆ.”

“ಹಾಗಾದ್ರೆ ಕೊಂಡುಹೋಗಿ,” ಎಂದು ತೆಂಗಿನಕಾಯಿಯ ಗೆರಟೆ ತುಂಬಿಸಿ ಕೊಟ್ಟರು. “ಕೈಗೆ ತಾಗಿಸಬೇಡಿ, ಸುಡುತ್ತದೆ ಆಯ್ತಾ?”

ಕೈಗೆ ತಾಗಿಸಿಕೊಂಡೆ. ಮೂರು ಬೆರಳು ಬೊಬ್ಬೆ ಎದ್ದವು. ಆದರೂ ಬಿಡಲಿಲ್ಲ. ಏರಿಯಲ್ಲಿನ ಮೂರು ಕೊಳವೆಗಳನ್ನೂ ಪೂರ್ತಿ ಎಳೆದು, ಬುಡದಿಂದ ತುದಿಯವರೆಗೆ ಬಳಿದೆ. ಒಣಗಿದ ಮೇಲೆ ಇನ್ನೊಂದು ಸಲ ಬಳಿದೆ. ಎರಡನೆಯ ಸಲದ್ದು ಒಣಗುವ ಮೊದಲೇ ಮಳೆಹನಿ ಬಿದ್ದ ಹಾಗಾಗಿ ಏರಿಯಲ್ಲನ್ನು ಗಡಿಬಿಡಿಯಲ್ಲಿ ಒಳಕ್ಕೆ ತಳ್ಳಿದೆ. ಮಳೆ ಬರಲಿಲ್ಲ, ತೆಂಗಿನ ಮರದ ಮೇಲೆ ಕೂತ ಕಾಗೆಯ ಕೆಲಸ ಅದು. ಮೂರು ಕೊಳವೆಗಳೂ ಹಸಿ ಎಣ್ಣೆಯ ಸಮೇತ ಒಂದರೊಳಗೊಂದು ಕೂತು, ಹಾಗೆಯೇ ಒಣಗಿದವು.

ಪರೀಕ್ಷೆ ಮಾಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಬ್ಯಾಟರಿ ಇರಲಿಲ್ಲ. ಎಂಜಿನು ನಿಲ್ಲಿಸಿ ರೇಡಿಯೋ ಕೇಳಿದರೆ ಅದು ಬ್ಯಾಟರಿಯನ್ನು ಹೀರುತ್ತದೆ. ನಾನು ತಜ್ಞನಾದ ಮೇಲೆ ಬಹಳ ಕೇಳಿದ್ದೆ. ಶನಿವಾರಕ್ಕೆ ಪೂರ್ತಿ ಬಲ ಇರಲಿ ಎಂದು ಬ್ಯಾಟರಿಯನ್ನು ಚಾರ್ಜಿಗೆ ಉಡುಪಿಗೆ ಕಳಿಸಿದ್ದೆ. ಅದು ವಾಪಸು ಬಂದದ್ದು ಶನಿವಾರ ಮಧ್ಯಾಹ್ನ. ಇದೂ ಜವಾಬ್ದಾರಿಯೇ.

ಅಂಟಿಕೊಂಡಿದ್ದ ಏರಿಯಲ್ಲನ್ನು ನಾನು ಎರಡೂ ಕೈಯಿಂದ ಜಗ್ಗಿ ಪೂರ್ತಿ ಹೊರಗೆಳೆದ ಮೇಲೆ, ಐದು ಗಂಟೆಗೆ ಹೊರಟೆವು. ಅಜ್ಜಿ ಒಗೆದು ಮಡಿಸಿಟ್ಟ ಸೀರೆ ಉಟ್ಟು, ತಾಂಬೂಲದ ಪೆಟ್ಟಿಗೆ ಮಡಿಲಲ್ಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ, ಮಾವನ ಪಕ್ಕ ಕೂತರು. ನಾನು ಹಿಂದಿನ ಸೀಟಿನಿಂದ ನಡುವೆ ತೂರಿಕೊಂಡು ಗುಬ್ಬಿ ತಿರುಗಿಸಿದೆ. ಟಕ್. ಡಯಲ್‌ನಲ್ಲಿ ದೀಪ ಹತ್ತಿತು. ಅಜ್ಜಿ ಕೈಮುಗಿದರು.

ರೇಡಿಯೋ ಗುಂಯ್ ಎಂದಿತು. ಅದರ ಮೇಲೆ ಏನೂ ಇಲ್ಲ.

“ವಾಲ್ವು ಬಿಸಿಯಾಗಬೇಕು,” ಎಂದೆ.

ಕಟಪಾಡಿ ಬಂತು. “ಬಿಸಿಯಾಯ್ತಾ?” ಎಂದರು ಮಾವ.

“ಇಲ್ಲಿ ಮರಗಳು ಜಾಸ್ತಿ.”

ಉಡುಪಿ ಬಂತು. “ಮರ ಕಾಣುವುದಿಲ್ಲಲ್ಲ?”

“ಇಲ್ಲಿ ಕರೆಂಟಿನ ತಂತಿ ಜಾಸ್ತಿ.”

ಮಣಿಪಾಲದ ಏರು ಹತ್ತುವಾಗ ಮಾವ ರಸ್ತೆಯ ಮೇಲಿಂದ ಕಣ್ಣು ತೆಗೆಯದೆ, “ಇನ್ನು ಎಂತ ಜಾಸ್ತಿ ಅಂತ ಈಗಲೇ ಹೇಳಿಬಿಡು. ಮೇಲೆ ಹೋದ ಮೇಲೆ ಹುಡುಕ್ಲಿಕ್ಕೆ ಸುಲಭ,” ಎಂದರು.

ಅಜ್ಜಿ ತಾಂಬೂಲದ ಪೆಟ್ಟಿಗೆಯ ಮುಚ್ಚಳ ತೆರೆದು ಮುಚ್ಚಿ ಮಾಡುತ್ತಿದ್ದರು.

ಗುಡ್ಡದ ಮೇಲೆ, ಕಟ್ಟಡಗಳಿಂದ ದೂರ, ಕೆಂಪು ಮುರಕಲ್ಲಿನ ಬಯಲಿನಲ್ಲಿ ಮಾವ ಕಾರು ನಿಲ್ಲಿಸಿದರು. ನಿಲ್ಲಿಸುವಾಗ ಮೂತಿಯನ್ನು ಇಳಿಜಾರಿಗೆ ತಿರುಗಿಸಿದರು. ಬ್ಯಾಟರಿ ಖಾಲಿಯಾದರೂ ಉರುಳಿಸಿ ಶುರು ಮಾಡಬಹುದು ಎಂದು. ನನ್ನ ಮೇಲೆ ಅವರಿಗಿದ್ದ ನಂಬಿಕೆ ಅಷ್ಟು. ಎಂಜಿನು ನಿಂತಿತು. ಕೆಳಗೆ ದೂರದಲ್ಲಿ ಸಮುದ್ರದ ಗೆರೆ. ಸೂರ್ಯ ಅದರಲ್ಲಿ ಅರ್ಧ ಅದ್ದಿದ್ದ. ಪಡುಗಡೆಯ ಗಾಳಿ ಬೋಳು ಗುಡ್ಡದ ಮೇಲೆ ಸುಯ್ ಎಂದು ಬೀಸುತ್ತಿತ್ತು.

ಮೊದಲನೆಯ ಗುಂಡಿ ಒತ್ತಿದೆ. ಮುಳ್ಳು ಓಡಿ ಬಂದು ಬೆಂಗಳೂರಿನ ಮೇಲೆ ನಿಂತಿತು. ಗುಂಯ್. ಬೆಂಗಳೂರು ಇಲ್ಲ.

“ಎಷ್ಟು ಗಂಟೆ?” ಎಂದರು ಅಜ್ಜಿ.

“ಆರೂ ಹತ್ತು,” ಎಂದರು ಮಾವ.

“ಪುಳ್ಳಿ?”

ಅಜ್ಜಿಯ ಸ್ವರದಲ್ಲಿ ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು. ಸಿಟ್ಟಿಗೆ ಉತ್ತರ ಕೊಟ್ಟು ನನಗೆ ಅಭ್ಯಾಸವಿದೆ. ಸಿಟ್ಟಿರಲಿಲ್ಲ. ನಾನು ಕಾರಿನಿಂದ ಇಳಿದೆ.

ನಿಜ ಹೇಳುತ್ತೇನೆ, ನನ್ನ ತಲೆ ಓಡುವುದು ಕುತ್ತಿಗೆಗೆ ಬಂದಾಗಲೇ. ಆಗ ಓಡಿತು. ದೀಪ ಹತ್ತಿದೆ, ಅಂದರೆ ಬ್ಯಾಟರಿ ಸರಿ. ಗುಂಯ್ ಎನ್ನುತ್ತದೆ, ಅಂದರೆ ವೈಬ್ರೇಟರ್ ಸರಿ. ಸ್ವರದ ಗುಬ್ಬಿ ತಿರುಗಿಸಿದರೆ ಸರ್ರ್ ಎನ್ನುತ್ತದೆ, ಅಂದರೆ ವಾಲ್ವೂ ಸರಿ, ಸ್ಪೀಕರೂ ಸರಿ. ಪೆಟ್ಟಿಗೆ ಹಸಿದು ಕೂತಿದೆ, ಯಾರೂ ಬಡಿಸುತ್ತಿಲ್ಲ. ಬಡಿಸುವವನು ಹೊರಗಿದ್ದಾನೆ. ಏರಿಯಲ್ಲಿನ ಬುಡದಲ್ಲಿ, ಎಣ್ಣೆ ತಾಗದ ಒಂದು ತಿರುಪಿನ ತಲೆಯ ಮೇಲೆ ಉಗುರಿನಿಂದ ಕೆರೆದೆ. ಸ್ಪೀಕರಿನಲ್ಲಿ ಟರಕ್ ಎಂದಿತು. ಮೇಲಿನ ಕೊಳವೆಯನ್ನು ಕೆರೆದೆ. ಏನೂ ಇಲ್ಲ. ಇನ್ನೊಮ್ಮೆ ಬುಡ, ಟರಕ್. ಇನ್ನೊಮ್ಮೆ ಮೇಲೆ, ಮೌನ.

ಹೊಳೆಯಿತು. ಗೇರೆಣ್ಣೆ ನೀರನ್ನು ಒಳಗೆ ಬಿಡುವುದಿಲ್ಲ, ಉಪ್ಪನ್ನು ಬಿಡುವುದಿಲ್ಲ. ಬೆಂಗಳೂರನ್ನು ಮಾತ್ರ ಯಾಕೆ ಬಿಟ್ಟೀತು? ಕೊಳವೆಗೂ ಕೊಳವೆಗೂ ನಡುವೆ ಲೋಹ ಲೋಹಕ್ಕೆ ತಾಗಬೇಕಾದ ಜಾಗದಲ್ಲೆಲ್ಲ ಎಣ್ಣೆ ಚರ್ಮದಂತೆ ಒಣಗಿ ಕೂತಿತ್ತು. ನೋಡಲಿಕ್ಕೆ ಉದ್ದನೆಯ ಏರಿಯಲ್. ಕೆಲಸಕ್ಕೆ ಗೇಣುದ್ದದ ಮೋಟು. ನಾನು ಕಾರನ್ನು ಸಮುದ್ರಕ್ಕೆ ಸಿದ್ಧ ಮಾಡಿದ್ದೆ, ರೇಡಿಯೋಕ್ಕಲ್ಲ.

“ಅಜ್ಜಿ, ಅಡಕತ್ತರಿ ಕೊಡಿ!”

“ಈಗ ಎಲೆಅಡಿಕೆ ತಿನ್ಲಿಕ್ಕುಂಟಾ ನಿನಗೆ?”

“ಕೊಡಿ ಅಜ್ಜಿ!”

ಅಡಿಕೆ ಕತ್ತರಿಸುವ ಆ ಕತ್ತರಿಯ ಬಾಯಲ್ಲಿ ಕೊಳವೆ ಸಿಕ್ಕಿಸಿ ಕೆರೆಯತೊಡಗಿದೆ. ಕಪ್ಪು ಸಿಪ್ಪೆ ಏಳತೊಡಗಿತು. ಮಾವ ಇಳಿದು ಬಂದು ನೋಡಿದರು. ಬೆರಳಿನಿಂದ ಸಿಪ್ಪೆ ಎತ್ತಿ ಮೂಸಿದರು.

“ಗೇರೆಣ್ಣೆಯಾ?”

“ಹೌದು ಮಾವ.”

“ಏರಿಯಲ್ಲಿಗಾ?”

“ತುಕ್ಕು ಹಿಡಿಯಬಾರದು ಅಂತ.”

“ಇನ್ನು ನೂರು ವರ್ಷ ಹಿಡಿಯುವುದಿಲ್ಲ,” ಎಂದರು ಮಾವ. ನನ್ನ ಬೊಬ್ಬೆ ಎದ್ದ ಬೆರಳು ನೋಡಿದರು. ಗಡಿಯಾರ ನೋಡಿದರು. ಕಾರಿನೊಳಗೆ ಬೆನ್ನು ನೆಟ್ಟಗೆ ಮಾಡಿ ಕೂತ ಅಜ್ಜಿಯನ್ನು ನೋಡಿದರು. “ಕೆರೆ. ಮಾತಾಡಬೇಡ. ಬೇಗ ಕೆರೆ,” ಎಂದು, ಏರಿಯಲ್ ಅಲ್ಲಾಡದ ಹಾಗೆ ಬುಡವನ್ನು ತಮ್ಮ ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡರು. ಸ್ಟೀರಿಂಗ್ ಬಿಟ್ಟು ಅವರು ಆ ರೇಡಿಯೋದ ಒಂದು ಭಾಗವನ್ನು ಮುಟ್ಟಿದ್ದು ಅದೇ ಮೊದಲು.

ಕೆಳಗಿನ ಕೀಲು ಬೇಗ ಬಿಟ್ಟುಕೊಂಡಿತು. ಮೇಲಿನ ಕೀಲನ್ನು ನಾನು ಉತ್ಸಾಹದಿಂದ ಬಿಡಿಸಿದೆ; ಎಣ್ಣೆಯ ಜೊತೆಗೆ ಕೊಳವೆಯ ಬಾಯಿಯ ಹಿಡಿತದ ಉಂಗುರವೂ ಕತ್ತರಿಸಿ ಬಂತು. ಮೇಲಿನ ಕೊಳವೆ ಲಟಪಟ ಅಲ್ಲಾಡತೊಡಗಿತು. ಅದು ವಾಲಿದಾಗ ಒಳಗಿನಿಂದ ಹೆಂಗಸೊಬ್ಬರು ಏನೋ ಹೇಳುತ್ತಿರುವುದು ಅರ್ಧ ಕೇಳಿ ನಿಂತಿತು. ಹೆಬ್ಬೆರಳಿನಿಂದ ಕೊಳವೆಯನ್ನು ಒತ್ತಿ ಹಿಡಿದೆ. ಹೆಂಗಸು ಮತ್ತೆ ಬಂದರು: ಬೆಂಗಳೂರು! ಬಿಟ್ಟೆ, ಹೋದರು. ಒತ್ತಿದೆ, ಬಂದರು.

“ನೀನೇ ಹಿಡಿದು ನಿಲ್ಲು,” ಎಂದರು ಮಾವ. “ಬಿಟ್ಟರೆ ನೋಡು.”

“ಗ್ಲಾಸು ಏರಿಸು ಮಾರಾಯ,” ಎಂದರು ಅಜ್ಜಿ ಒಳಗಿನಿಂದ. “ಗಾಳಿಗೆ ಎಂತದೂ ಕೇಳುವುದಿಲ್ಲ.”

ಮಾವ ಒಳಗೆ ಕೂತು ಬಾಗಿಲು ಹಾಕಿಕೊಂಡರು. ಎರಡೂ ಕಡೆ ಗ್ಲಾಸು ಏರಿತು. ಹೀಗೆ ಕಾಪುವಿನಿಂದ ಕಾರ್ಕಳದವರೆಗಿನ ಏಕೈಕ ಕಾರು ರೇಡಿಯೋ ತಜ್ಞ ಕಾರಿನ ಹೊರಗೆ, ಗಾಳಿಯಲ್ಲಿ, ಹೆಬ್ಬೆರಳು ಮೇಲೆತ್ತಿಕೊಂಡು ನಿಂತ. ಪಂಚೆ ಹಾರಿ ಮುಖಕ್ಕೆ ಬಡಿಯುತ್ತಿತ್ತು. ಅದನ್ನು ಸರಿಮಾಡಿಕೊಳ್ಳಲು ಇನ್ನೊಂದು ಕೈ ಇತ್ತು, ಆದರೆ ಅದರಲ್ಲಿ ಅಡಕತ್ತರಿ ಇತ್ತು. ಅದನ್ನು ಕೆಳಗಿಡಬಹುದೆಂದು ಹೊಳೆಯಲಿಲ್ಲ.

ನನಗೆ ಕೇಳುತ್ತಿದ್ದುದು ಗಾಳಿ ಮಾತ್ರ. ಗಾಜಿನೊಳಗೆ ಡಯಲ್‌ನ ಹಳದಿ ಬೆಳಕಿತ್ತು. ಅಜ್ಜಿ ಥಟ್ಟನೆ ಬೆರಳೆತ್ತಿ ಮಾವನಿಗೆ ಸನ್ನೆ ಮಾಡಿದರು. ಶುರುವಾಯಿತು ಎಂದು ತಿಳಿಯಿತು. ಹೆಬ್ಬೆರಳನ್ನು ಇನ್ನೂ ಒತ್ತಿದೆ, ಬೊಬ್ಬೆ ಒಡೆಯಿತು.

ಆದರೆ ಅಜ್ಜಿ ಮುಂದಕ್ಕೆ ಬಗ್ಗಿದರು. ಇನ್ನೂ ಬಗ್ಗಿ ಕಿವಿಯನ್ನು ಸ್ಪೀಕರಿನ ಬಳಿಗೆ ತಂದರು. ಆಗ ನೆನಪಾಯಿತು: ಕೆರೆಯುವಾಗಿನ ಟರಕ್ ಶಬ್ದ ತಡೆಯಲಾರದೆ, ಅಡಕತ್ತರಿ ತೆಗೆದುಕೊಳ್ಳುವಾಗ ಸ್ವರವನ್ನು ನಾನೇ ಸಣ್ಣ ಮಾಡಿದ್ದೆ. ಹಾಡು ಬರುತ್ತಿದೆ, ಅಜ್ಜಿಗೆ ಕೇಳುತ್ತಿಲ್ಲ. “ಗುಬ್ಬಿ! ಎಡಗಡೆಯ ಗುಬ್ಬಿ! ಬಲಕ್ಕೆ ತಿರುಗಿಸಿ!” ಎಂದು ಕೂಗಿದೆ. ಗಾಳಿ ಅದನ್ನು ಹೊತ್ತುಕೊಂಡು ಘಟ್ಟದ ಬುಡದ ಹೆಬ್ರಿಯ ಕಡೆಗೆ ಹೋಯಿತು. ಕೈ ಬಿಟ್ಟು ಗಾಜು ಬಡಿದರೆ ಹಾಡು ನಿಲ್ಲುತ್ತದೆ. ಬಿಡದಿದ್ದರೆ ಅಜ್ಜಿಗೆ ಕೇಳುವುದಿಲ್ಲ. ಹದಿನೈದೇ ನಿಮಿಷ. ಮತ್ತೊಮ್ಮೆ ಹಾಕ್ಲಿಕ್ಕಿಲ್ಲ.

ಆಗ ಮಾವನ ಕೈ ಸ್ಟೀರಿಂಗಿನ ಮೇಲಿಂದ ಎದ್ದದ್ದನ್ನು ನೋಡಿದೆ. ಅದು ನಿಧಾನವಾಗಿ ರೇಡಿಯೋದ ಕಡೆಗೆ ಹೋಯಿತು. ನೇರವಾಗಿ ಎಡಗಡೆಯ ಗುಬ್ಬಿಗೆ. ಬೆರಳುಗಳು ಅದನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ಹಾಗೆಯೇ ನಿಂತವು.

ಅದೇ ಗುಬ್ಬಿ. ಎಡಕ್ಕೆ ತಿರುಗಿಸಿದರೆ ಬಂದ್, ಬಲಕ್ಕೆ ತಿರುಗಿಸಿದರೆ ದೊಡ್ಡದು. ಅಜ್ಜಿ ಅವರ ಮುಖ ನೋಡುತ್ತಿದ್ದರು. ನಾನು ಅವರ ಕೈ ನೋಡುತ್ತಿದ್ದೆ. ಅಷ್ಟರಲ್ಲಿ ಪಂಚೆ ಹಾರಿ ನನ್ನ ಕಣ್ಣಿಗೆ ಮುಚ್ಚಿಕೊಂಡಿತು. ಕೈ ಯಾವ ಕಡೆ ತಿರುಗಿತೋ ಕಾಣಲಿಲ್ಲ.

ಆಮೇಲೆ, ಪಂಚೆಯ ಕತ್ತಲೆಯೊಳಗೆ, ಗಾಜು ದಾಟಿ, ಗಾಳಿ ದಾಟಿ, ಬಹಳ ತೆಳ್ಳಗೆ ಒಂದು ಹೆಣ್ಣು ಸ್ವರ ಬಂದು ಮುಟ್ಟಿತು. ಪದ ತಿಳಿಯುವಷ್ಟಲ್ಲ, ರಾಗ ತಿಳಿಯುವಷ್ಟೂ ಅಲ್ಲ. ಅಡಕತ್ತರಿಯ ತುದಿಯಿಂದ ಪಂಚೆ ಸರಿಸಿ ನೋಡಿದೆ. ಅಜ್ಜಿ ಸೀಟಿಗೆ ಒರಗಿ ಕೂತಿದ್ದರು. ತಾಂಬೂಲದ ಪೆಟ್ಟಿಗೆಯ ಮೇಲೆ ಅವರ ಬೆರಳು ತಾಳ ಹಾಕುತ್ತಿತ್ತು. ಮಾವನ ಕೈ ಇನ್ನೂ ಗುಬ್ಬಿಯ ಮೇಲೆಯೇ ಇತ್ತು. ಸ್ವರ ಸಣ್ಣದಾದಾಗ ತುಸು ಬಲಕ್ಕೆ, ದೊಡ್ಡದಾದಾಗ ತುಸು ಎಡಕ್ಕೆ, ಸ್ಟೀರಿಂಗ್ ಹಿಡಿದವರ ಹಾಗೆ ಬಹಳ ಜಾಗ್ರತೆಯಲ್ಲಿ ತಿರುಗುತ್ತಿತ್ತು.

ಮುಗಿದಾಗ ಗಾಜು ಇಳಿಯಿತು. ನನ್ನ ಕೈ ಮರಗಟ್ಟಿ ಏರಿಯಲ್ಲಿಗೇ ಅಂಟಿಕೊಂಡಿತ್ತು.

“ಕೇಳಿತಾ ಅಜ್ಜಿ?”

“ಕೇಳಿತು,” ಎಂದರು ಅಜ್ಜಿ. ಸೆರಗಿನಿಂದ ಮುಖ ಒರೆಸಿಕೊಂಡರು. “ಕಡೆಯ ಹಾಡಿನಲ್ಲಿ ಎರಡನೆಯ ಚರಣ ಬಿಟ್ಟಳು. ನಾನು ಹೇಳಿಕೊಟ್ಟದ್ದು ಹಾಗಲ್ಲ.”

“ಬಿಡಲಿಲ್ಲ ಅಮ್ಮ,” ಎಂದರು ಮಾವ, ಮುಂದಿನ ಗಾಜಿನ ಕಡೆ ನೋಡುತ್ತಲೇ. “ಅದನ್ನು ಮೂರನೆಯದು ಮಾಡಿ ಹಾಡಿದಳು. ನೀವು ಸರಿ ಕೇಳಲಿಲ್ಲ.”

ಅಜ್ಜಿ ಮಗನ ಕಡೆ ತಿರುಗಿ ನೋಡಿದರು. ಆ ಹಾಡಿಗೆ ಎಷ್ಟು ಚರಣವೆಂದು ಮಾವನಿಗೆ ಗೊತ್ತಿದ್ದದ್ದು ಅವರಿಗೂ ಹೊಸತೆಂದು ಕಾಣುತ್ತದೆ. ಅಜ್ಜಿ ನನ್ನ ಕೈಯಿಂದ ಅಡಕತ್ತರಿ ತೆಗೆದುಕೊಂಡು, ಅದರ ಬಾಯನ್ನು ನೋಡಿ, “ಇದು ಇನ್ನು ಅಡಿಕೆಗೆ ಆಗುವುದಿಲ್ಲ,” ಎಂದರು. ಆಮೇಲೆ ಇಳಿದು, ಸ್ವಲ್ಪ ಮಲಗುತ್ತೇನೆ ಎಂದು ಹಿಂದಿನ ಸೀಟಿಗೆ ಹೋದರು. ನಾನು ಮುಂದೆ ಬಂದು ಕೂತೆ.

ಕಾರು ಇಳಿಜಾರಿನಲ್ಲಿ ಉರುಳಿ, ಗೇರು ಹಾಕಿದೊಡನೆ ಎಂಜಿನು ಶುರುವಾಯಿತು. ರೇಡಿಯೋದ ದೀಪ ಹಾಗೆಯೇ ಉರಿಯುತ್ತಿತ್ತು. ಮಾವ ಬಂದ್ ಮಾಡಿರಲಿಲ್ಲ. ಗುಂಯ್ ಎನ್ನುವುದನ್ನು ಸ್ವಲ್ಪ ದೂರ ಕೇಳಿದರು.

“ಎಂತ, ಬೆಂಗಳೂರು ಹೋಯ್ತಾ?”

“ನಾನು ಒಳಗೆ ಬಂದೆನಲ್ಲ ಮಾವ. ಹಿಡಿಯುವವರಿಲ್ಲ.”

“ಕಿಟಕಿಯಿಂದ ಕೈ ಹಾಕಿ ಹಿಡಿ ಮಾರಾಯ. ಏರಿಯಲ್ ಅಲ್ಲೇ ಉಂಟಲ್ಲ, ನಿನ್ನ ಭುಜದ ಹತ್ತಿರ.”

ಹೌದಲ್ಲ. ಅಲ್ಲೇ ಇತ್ತು. ಅಜ್ಜಿಯನ್ನು ತುಸು ಸರಿಸಿ, ಒಳಗೆ ಬೆಚ್ಚಗೆ ಕೂತು ಒಂದು ಕೈಯನ್ನು ಮಾತ್ರ ಹೊರಗೆ ಹಾಕಿದ್ದರೆ ಸಾಕಿತ್ತು. ಇಡೀ ಹಾಡು ನಾನೂ ಕೇಳಬಹುದಿತ್ತು. ಬಿ.ಎಸ್ಸಿ.ಯನ್ನು ನಾನು ಅಷ್ಟು ಆಳವಾಗಿ ಓದಬಾರದಿತ್ತು.

ಗ್ಲಾಸು ಇಳಿಸಿ ಕೈ ಹಾಕಿ ಹೆಬ್ಬೆರಳು ಒತ್ತಿದೆ. ಯಾರೋ ಅಡಿಕೆ, ತೆಂಗಿನಕಾಯಿ ಧಾರಣೆ ಓದುತ್ತಿದ್ದರು. ಅದು ಮುಗಿದು ವೀಣೆ ಬಂತು. ಮಾವ ಬಂದ್ ಮಾಡಲಿಲ್ಲ. ಉಡುಪಿ ದಾಟಿ ಕಟಪಾಡಿಗೆ ಬರುವಾಗ ಹಿಂದಿನ ಬಸ್ಸಿನವನು ಎಡಗಡೆ ಚಾಚಿದ ನನ್ನ ಕೈ ನೋಡಿ, ನಾವು ಈಗ ತಿರುಗುತ್ತೇವೆ, ಇನ್ನೇನು ತಿರುಗುತ್ತೇವೆ ಎಂದು ಕಾದು ಕಾದು ಹಾರ್ನಿನ ಮೇಲೆ ಹಾರ್ನು ಹಾಕತೊಡಗಿದ. ಕಟಪಾಡಿಯ ಪೇಟೆಯಲ್ಲಿ ಪಕ್ಕಕ್ಕೆ ಬಂದು ತಲೆ ಹೊರಗೆ ಹಾಕಿ, “ಎಲ್ಲಿಗೆ ಹೋಗ್ಲಿಕ್ಕುಂಟು ನಿಮಗೆ?” ಎಂದು ಕೂಗಿದ.

“ಕೈ ತೆಗೆಯಬೇಡ,” ಎಂದರು ಮಾವ, ಮತ್ತು ಎಡಗೈಯಿಂದ ಗುಬ್ಬಿಯನ್ನು ಇನ್ನಷ್ಟು ಬಲಕ್ಕೆ ತಿರುಗಿಸಿದರು.